ಕಾಲಿಗೆ ಗೊತ್ತಿದ್ದ ಬ್ರೇಕು

ಮನೆಯಿಂದ,
ಬುಧವಾರ, ಹದಿನಾರನೇ ತಾರೀಖು, ಬೆಳಗ್ಗೆ

ನನ್ನ ಮುದ್ದು ಮಗಳೇ,

ಹೇಗಿದ್ದೀಯ? ವಾರ್ಡಿನಲ್ಲಿ ನಿಂತು ನಿಂತು ಪಾದ ಊದುತ್ತದೆ ಎಂದು ಹೋದ ಕಾಗದದಲ್ಲಿ ಬರೆದಿದ್ದೆ. ಈಗ ಇಳಿದಿದೆಯೇ? ಊರವರಿಗೆಲ್ಲ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿಸುವ ನರ್ಸಮ್ಮ ತಾನು ಮಾತ್ರ ಹೊತ್ತಿಗೆ ಉಣ್ಣುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ. ನನ್ನ ಅಕ್ಷರ ಸೊಟ್ಟಗಿದ್ದರೆ ನಗಬೇಡ, ಬಲಗೈ ಹೆಬ್ಬೆರಳು ಬಟ್ಟೆ ಸುತ್ತಿಕೊಂಡು ಮದುಮಗನ ಹಾಗೆ ಕೂತಿದೆ. ಎಡಗಣ್ಣು ಇನ್ನೂ ಪೂರ್ತಿ ತೆರೆಯುತ್ತಿಲ್ಲ, ಕೆಳದವಡೆಯಲ್ಲಿ ಎರಡು ಹಲ್ಲು ಹೋಗಿವೆ. ಗಾಬರಿಯಾಗಬೇಡ. ಅಣ್ಣ ಫೋನಿನಲ್ಲಿ ಯಾಕೆ ಸಿಗುತ್ತಿಲ್ಲ ಎಂದು ನೀನು ಪಕ್ಕದ ಮನೆಯವರನ್ನು ಕೇಳಿದೆಯಂತೆ. ಅವರು ಊರಿಗೆ ಹೋಗಿದ್ದಾನೆ ಅಂದರಂತೆ. ಪುಣ್ಯಾತ್ಮರು, ಸುಳ್ಳನ್ನಾದರೂ ಸ್ವಲ್ಪ ಚೆನ್ನಾಗಿ ಹೇಳಬಾರದೇ? ನಿನ್ನ ಅಣ್ಣ ಒಂಬತ್ತು ದಿನದಿಂದ ಜೈಲಿನಲ್ಲಿದ್ದಾನೆ. ಎಲ್ಲ ಬರೆಯುತ್ತೇನೆ, ಕೂತುಕೊಂಡು ಓದು.

ಕಾರು ಮಾರಿದೆ. ಇನ್ನು ಸ್ಟೀರಿಂಗ್ ಮುಟ್ಟಬೇಡಿ ಎಂದು ಕಣ್ಣಿನ ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು. ಮೂವತ್ತೊಂದು ವರ್ಷ ಬಸ್ಸು ಓಡಿಸಿದವನಿಗೆ ನಿನ್ನೆ ಮೊನ್ನೆ ಕನ್ನಡಕ ಹಾಕಿದ ಹುಡುಗಿ ಹೀಗೆ ಹೇಳುವುದೆಂದರೆ! ಹೇಳಿದಳು, ಕೇಳಿದೆ. ಕೊಳ್ಳಲು ಬಂದವನು ಬೇರೆ ಯಾರೂ ಅಲ್ಲ, ಬಸ್ ನಿಲ್ದಾಣದ ಹಿಂದಿನ ಸಲೂನಿನವನು. ನನ್ನ ತಲೆಯನ್ನು ಹನ್ನೆರಡು ವರ್ಷದಿಂದ ಬಗ್ಗಿಸಿ ಕತ್ತರಿಸುತ್ತಿರುವವನು. ಡ್ರೈವಿಂಗ್ ಕಲಿತು ಎರಡು ತಿಂಗಳಾಗಿತ್ತು. ಹೆಂಡತಿಯನ್ನೂ ಕರೆದುಕೊಂಡು ಬಂದ. ಕಾರಿನ ಮೂರು ಕನ್ನಡಿಯಲ್ಲೂ ಮುಖ ನೋಡಿಕೊಂಡ, ಕಸುಬಿನವನಲ್ಲವೇ. ಆಮೇಲೆ ಬ್ರೇಕು ಹೇಗಿದೆ ಎಂದು ಕೇಳಿದ. ಇದು ನೀರೊಳಗಿನ ಎಮ್ಮೆ ವ್ಯಾಪಾರ ಅಲ್ಲಪ್ಪ, ಬಾ ತೋರಿಸುತ್ತೇನೆ ಎಂದು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀರಿನ ಟ್ಯಾಂಕಿನ ಇಳಿಜಾರಿಗೆ ಹೋದೆ. ಮೇಲಿನಿಂದ ಬಿಟ್ಟು ಕೆಳಗೆ ಗೋಡೆಗೆ ನಾಲ್ಕು ಅಡಿ ಇರುವಾಗ ನಿಲ್ಲಿಸಿದೆ. ಅವನ ಮುಖ ಬೆಳ್ಳಗಾಗಿತ್ತು. ನಾನು ನಕ್ಕೆ. ಅವನು ಒಂದು ಸಲ ಓಡಿಸಿ ನೋಡಲೇ ಎಂದು ಕೇಳಿದ. ಹೊಸ ಕಾಲು, ಕ್ಲಚ್ಚು ಸುಡುತ್ತಾನೆ ಎಂದು ಕೊಡಲಿಲ್ಲ. ಮನೆಗೆ ಬಂದು ಕಾಗದ ಬರೆದೆವು: ನೋಡಿ, ಓಡಿಸಿ, ಒಪ್ಪಿ, ಇದ್ದ ಸ್ಥಿತಿಯಲ್ಲೇ ಕೊಂಡಿದ್ದೇನೆ. ಓಡಿಸಿದ್ದು ನಾನು, ಸಹಿ ಹಾಕಿದ್ದು ಅವನು. ಸಾಕ್ಷಿಗೆ ಅವನ ಹೆಂಡತಿ.

ಮೂರು ದಿನ ಅವನು ಸಮತಟ್ಟಾದ ಬೀದಿಗಳಲ್ಲಿ ನಡೆದುಹೋಗುವವರಿಗಿಂತ ನಿಧಾನವಾಗಿ ಓಡಿಸಿದನಂತೆ. ನಾಲ್ಕನೇ ದಿನ ಹೆಂಡತಿಯನ್ನು ಕೂರಿಸಿಕೊಂಡು ಅದೇ ಟ್ಯಾಂಕಿನ ಇಳಿಜಾರಿನಲ್ಲಿ ಇಳಿದಿದ್ದಾನೆ. ಬ್ರೇಕು ತುಳಿದ. ಪೆಡಲು ನೆಲಕ್ಕೆ ಹೋಗಿ ಅಲ್ಲೇ ಮಲಗಿತು. ತುಳಿದ ಕಾಲನ್ನು ಅವನು ಎತ್ತಲೇ ಇಲ್ಲ. ಹೊಸಬರು ಎತ್ತುವುದಿಲ್ಲ, ಭಯಕ್ಕೆ ಇನ್ನಷ್ಟು ಒತ್ತಿ ಹಿಡಿಯುತ್ತಾರೆ. ಕಾರು ಗೋಡೆಗೆ ಹೊಡೆದಾಗ ಬಂದ ಸದ್ದು ನಮ್ಮ ಮನೆಗೂ ಕೇಳಿಸಿತು. ಯಾರೋ ಕಟ್ಟಡ ಒಡೆಯುತ್ತಿದ್ದಾರೆ ಅಂದುಕೊಂಡು ನಾನು ಚಹಾ ಕುಡಿದೆ. ಆ ಹೆಂಗಸು ಮುಂದಿನ ಗಾಜಿಗೆ ಮುಖ ಕೊಟ್ಟು ಹೋಗಿದ್ದಳು. ದವಡೆ ಎರಡು ಕಡೆ ಮುರಿದಿದೆ, ಕೆನ್ನೆ ಕಿವಿಯವರೆಗೂ ಸೀಳಿದೆ. ಹಲ್ಲುಗಳನ್ನು ತಂತಿಯಿಂದ ಬಿಗಿದು ಬಾಯಿ ಮುಚ್ಚಿದ್ದಾರೆ, ಆರು ವಾರ ಕೊಳವೆಯಲ್ಲೇ ಗಂಜಿ. ಇದೆಲ್ಲ ನಿನಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮರುದಿನ ಬೆಳಗ್ಗೆ ಅವನು ಬಂದ. ಕೈಯಲ್ಲಿ ನಮ್ಮದೇ ಕಾರಿನ ಜಾಕಿನ ಕಬ್ಬಿಣದ ಹಿಡಿ. ಮೊದಲು ಕಿಟಕಿಗೆ ಹೊಡೆದ, ಆಮೇಲೆ ಬಾಗಿಲಿಗೆ. ನಾನು ಬಾಗಿಲು ತೆಗೆದೆ, ತೆಗೆಯಬಾರದಿತ್ತು. ಒಂದು ಮಾತಿಲ್ಲ ಕತೆಯಿಲ್ಲ, ಕತ್ತಿನ ಪಟ್ಟಿ ಹಿಡಿದು ಗೋಡೆಗೆ ಒತ್ತಿ ಮುಖಕ್ಕೆ ಗುದ್ದಿದ. ಪ್ರತಿ ಏಟಿಗೂ ಒಂದೇ ಪ್ರಶ್ನೆ: "ನಿಂಗೆ ಗೊತ್ತಿತ್ತಾ?" ಇಲ್ಲ ಅಂದೆ. ಮತ್ತೆ ಹೊಡೆದ. "ಗೊತ್ತಿತ್ತಾ?" ಇಲ್ಲ ಅಂದೆ. ಬಾಯಿ ತುಂಬ ರಕ್ತ, ಅದರಲ್ಲಿ ಹಲ್ಲು. ಹನ್ನೆರಡು ವರ್ಷ ನನ್ನ ಗಂಟಲ ಮೇಲೆ ಕತ್ತಿ ಆಡಿಸಿ ಒಂದು ಗೀರೂ ಮಾಡದ ಕೈ ಅದು ಎಂದು ನೆನೆದರೆ ಈಗ ಮೈ ಝುಮ್ಮೆನ್ನುತ್ತದೆ. ಹಿಡಿಯನ್ನು ತಡೆಯಲು ಹೋಗಿ ಹೆಬ್ಬೆರಳು ಮುರಿಯಿತು. ನಿನ್ನಮ್ಮ ಒಲೆಯ ಮೇಲಿದ್ದ ಬಿಸಿನೀರಿನ ಪಾತ್ರೆಯನ್ನು ತಂದು ಅವನ ಬೆನ್ನಿಗೆ ಸುರಿದಳು. ಆ ಮಂಡಿ ಇಟ್ಟುಕೊಂಡು ಅಷ್ಟು ಬೇಗ ಹೇಗೆ ಬಂದಳೋ.

ಅಷ್ಟರಲ್ಲಿ ಯಾರೋ ವರ್ಕ್‌ಶಾಪಿಗೆ ಹೇಳಿ ನಿನ್ನ ಅಣ್ಣ ಓಡಿಬಂದ. ವೆಲ್ಡಿಂಗ್ ಮಾಡುವಾಗ ಹಾಕುವ ದಪ್ಪ ಕೈಗವಸು ಇನ್ನೂ ಕೈಯಲ್ಲೇ ಇತ್ತು. ಸಲೂನಿನವನನ್ನು ಎಳೆದು ಅಂಗಳಕ್ಕೆ ಹಾಕಿದ, ಹೊಟ್ಟೆಗೆ ಒದ್ದ. ಅವನು ಬಿದ್ದ, ಜಾಕಿನ ಹಿಡಿಯೂ ಬಿತ್ತು. ಅಲ್ಲಿಗೆ ಮುಗಿಯಬೇಕಾಗಿತ್ತು. ನಿನ್ನ ಅಣ್ಣ ಅವನ ಬಲಗೈಯನ್ನು ಹೊಸ್ತಿಲ ಮೇಲೆ ಇಟ್ಟು, ಮಣಿಕಟ್ಟಿನ ಮೇಲೆ ಮೊಣಕಾಲು ಊರಿ, ಅದೇ ಹಿಡಿಯಿಂದ ಬೆರಳುಗಳ ಮೇಲೆ ಹೊಡೆದ. ಮೂರು ಸಲ. ಒಣ ಪುಳ್ಳೆ ಮುರಿದ ಹಾಗೆ ಸದ್ದಾಯಿತು. ಮಗಳೇ, ಒಂದು ಮಾತು ನಿನಗೆ ಮಾತ್ರ ಹೇಳುತ್ತೇನೆ. ಮೊದಲನೇ ಏಟಾದ ಮೇಲೆ ನಿನ್ನ ಅಣ್ಣ ತಲೆಯೆತ್ತಿ ನನ್ನ ಮುಖ ನೋಡಿದ. ನಾನು ಸಾಕು ಅಂದಿದ್ದರೆ ಸಾಕಾಗಿತ್ತು. ಅನ್ನಲಿಲ್ಲ. ನನಗೂ ಆಗ ಖುಷಿಯಾಗಿತ್ತು.

ಅವತ್ತೇ ಪೊಲೀಸರು ಬಂದು ಅಣ್ಣನನ್ನು ಕರೆದೊಯ್ದರು. ಈಗ ಊರಿನಲ್ಲಿ ಎರಡು ಪಂಗಡ. ಬೀಗದ ಕೈ ಕೊಟ್ಟ ಮೇಲೆ ಕೊಂಡವನ ಹಣೆಬರಹ ಎನ್ನುವವರು ಅರ್ಧ, ಮುದುಕ ನಗುನಗುತ್ತ ಕುತ್ತಿಗೆ ಕೊಯ್ದ ಎನ್ನುವವರು ಅರ್ಧ. ಹಾಲು ತರಲು ಹೋದರೆ ಎರಡೂ ಕೇಳಿಸುತ್ತವೆ. ಲಾಯರನ್ನು ಹಿಡಿದಿದ್ದೇನೆ, ಚೂಟಿ ಮನುಷ್ಯ. ಅಂಗಡಿ ಇಟ್ಟು ಕಾರು ಮಾರುವವನ ಮಾತು ಬೇರೆಯಂತೆ. ಮನೆಯ ಕಾರನ್ನು ಇದ್ದ ಸ್ಥಿತಿಯಲ್ಲಿ ಮಾರಿದವನಿಗೆ ಅದು ನಾಳೆ ಕೆಟ್ಟು ನಿಂತರೂ ಹೊಣೆಯಿಲ್ಲವಂತೆ. ಒಂದೇ ಒಂದು ಷರತ್ತು, ಗೊತ್ತಿದ್ದ ದೋಷವನ್ನು ಮುಚ್ಚಿಟ್ಟಿರಬಾರದು. ಸಲೂನಿನವನು ಬಡಿದು ಬಡಿದು ಕೇಳಿದ್ದನ್ನೇ ಇವನು ಕುರ್ಚಿ ಕೊಟ್ಟು ಕೂರಿಸಿ ಕೇಳಿದ. ಇಲ್ಲ ಅಂದೆ.

ಕಾರನ್ನು ಬಿಚ್ಚಿ ನೋಡಿದ ಮೆಕ್ಯಾನಿಕ್ ನಮ್ಮ ಡಿಪೋದಲ್ಲೇ ಇದ್ದವನು. ಬ್ರೇಕಿನ ಒಳಗಿನ ರಬ್ಬರು ಸವೆದುಹೋಗಿದೆ, ಒಂದೇ ಸಲ ತುಳಿದರೆ ಒತ್ತಡ ನಿಲ್ಲುವುದಿಲ್ಲ, ಎರಡು ಸಲ ತುಳಿದರೆ ಹಿಡಿಯುತ್ತದೆ ಎಂದು ಬರೆದುಕೊಟ್ಟಿದ್ದಾನೆ. ಕೊಟ್ಟು ನನ್ನ ಕಡೆ ನೋಡಿ, "ನಮ್ ಡಿಪೋ ಕಾಲಲ್ವಾ ಇದು" ಅಂದ. ನಮ್ಮ ಹಳೇ ಬಸ್ಸುಗಳ ಬ್ರೇಕು ಒಂದೇ ತುಳಿತಕ್ಕೆ ಹಿಡಿಯುತ್ತಲೇ ಇರಲಿಲ್ಲ. ಮೊದಲು ಮೆಲ್ಲಗೆ ಒತ್ತಿ ಬಿಡಬೇಕು, ಎರಡನೇ ಸಲ ಜೋರಾಗಿ ತುಳಿಯಬೇಕು. ಡಿಪೋದವರೆಲ್ಲರ ಕಾಲೂ ಹಾಗೇ ಪಳಗಿತ್ತು. ಊಟದ ಮೇಜಿನ ಕೆಳಗೂ ನನ್ನ ಬಲಗಾಲು ಎರಡು ಸಲ ತಟ್ಟುತ್ತದೆ ಎಂದು ನೀನೇ ಆಡಿಕೊಳ್ಳುತ್ತಿದ್ದೆ. ಲಾಯರಿಗೆ ಇದನ್ನು ಕೇಳಿ ನಿಧಿ ಸಿಕ್ಕ ಹಾಗಾಯಿತು. ದೋಷ ಕಾಲಿಗೆ ಗೊತ್ತಿತ್ತು, ತಲೆಗೆ ಗೊತ್ತಿರಲಿಲ್ಲ ಅಂತ ಹೇಳಿ ಸಾಕು ಅಂದ. ಮುಂದಿನ ವಾರ ಶುಕ್ರವಾರ ನಾನು ಕೋರ್ಟಿನಲ್ಲಿ ಹಾಗೆ ಹೇಳಿದರೆ ಸಲೂನಿನವನು ಸುಮ್ಮನೆ ಮನೆಗೆ ನುಗ್ಗಿ ಮುದುಕನಿಗೆ ಹೊಡೆದವನಾಗುತ್ತಾನೆ, ನಿನ್ನ ಅಣ್ಣ ಅಪ್ಪನನ್ನು ಉಳಿಸಿಕೊಂಡ ಮಗನಾಗಿ ಜಾಮೀನಿನ ಮೇಲೆ ಮನೆಗೆ ಬರುತ್ತಾನೆ. ಗೊತ್ತಿತ್ತು ಅಂದರೆ ನಾನು ಮೋಸಗಾರ, ಅವನು ಮೋಸಗಾರನ ಪರವಾಗಿ ಒಬ್ಬನ ಕೈ ಜಜ್ಜಿದವನು. ವರ್ಷಗಟ್ಟಲೆ ಒಳಗೇ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಹೋಗಬೇಡಿ ಎಂದು ಲಾಯರು ಹೇಳಿದ್ದ. ಸಲೂನಿನವನು ಹಾಸಿಗೆಯ ಪಕ್ಕ ಕೂತು ಎಡಗೈಯಲ್ಲಿ ಹೆಂಡತಿಯ ಕೊಳವೆಗೆ ಗಂಜಿ ಹಾಕುತ್ತಿದ್ದ. ಬಲಗೈ ಮೊಣಕೈವರೆಗೂ ಪ್ಲಾಸ್ಟರು. ಇನ್ನು ಆ ಬೆರಳು ಕತ್ತರಿ ಹಿಡಿಯುವುದಿಲ್ಲ ಎಂದು ಅಲ್ಲಿನ ನರ್ಸು ನನಗೆ ಆಮೇಲೆ ಹೇಳಿದಳು. ನನ್ನನ್ನು ನೋಡಿ ಎದ್ದ, ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಹಗುರವಾಗುತ್ತಿತ್ತು. ಅವಳು ಅವನ ಅಂಗಿ ಹಿಡಿದು ಕೂರಿಸಿ, ಕಾಗದ ಕೇಳಿ ಬರೆದು ನನ್ನ ಕಡೆ ಚಾಚಿದಳು. "ನಿಮ್ ಮಗಳನ್ನ ಇದ್ರಲ್ಲಿ ಕೂರಿಸ್ತಿದ್ರಾ?" ಹೌದು ಎಂದು ತಲೆಯಾಡಿಸಿದೆ. ಅವಳು ಗೋಡೆ ಕಡೆ ತಿರುಗಿದಳು. ನಂಬಿದಳು ಅಂತ ಕಾಣುತ್ತದೆ.

ನೀನು ರಜೆ ಹಾಕಿ ಓಡಿಬರಬೇಡ. ಕಾಲಿಗೆ ಬಿಸಿನೀರಿನಲ್ಲಿ ಉಪ್ಪು ಹಾಕಿ ಇಡು, ಹೊತ್ತಿಗೆ ಉಣ್ಣು. ಅಮ್ಮ ನಿನ್ನನ್ನು ಕೇಳಿದೆನೆಂದು ಬರೆಯಲು ಹೇಳಿಲ್ಲ, ಆದರೂ ಅವಳ ಪರವಾಗಿ ನಾನೇ ಬರೆಯುತ್ತಿದ್ದೇನೆ. ನಿನ್ನ ಕೈಗೆ ಒಳ್ಳೆಯ ಗುಣ ಇರಲಿ, ನೀನು ಮುಟ್ಟಿದ ರೋಗಿಗಳೆಲ್ಲ ಎದ್ದು ನಡೆಯಲಿ.

ಇಂತು,
ನಿನ್ನ ಅಪ್ಪ

ಮರೆಯುವ ಮುಂಚೆ: ಅಂಚೆ ಡಬ್ಬಿಯ ಹತ್ತಿರ ನಿಂತು ಬರೆಯುತ್ತಿದ್ದೇನೆ. ಲಾಯರು ಸೋಮವಾರ ನಿನಗೆ ಫೋನ್ ಮಾಡುತ್ತಾನೆ. ಆ ಕಾರಿನ ಬ್ರೇಕಿನ ಬಗ್ಗೆ ಅಪ್ಪನಿಗೆ ಯಾವತ್ತಾದರೂ ಏನಾದರೂ ಹೇಳಿದ್ದೆಯಾ ಎಂದು ಕೇಳುತ್ತಾನೆ, ಇಲ್ಲ ಅನ್ನಬೇಕು ಎಂದೂ ಅವನೇ ಹೇಳಿಕೊಡುತ್ತಾನೆ. ನೀನು ಇಲ್ಲ ಅನ್ನಬೇಡ. ನೀನು ಡ್ರೈವಿಂಗ್ ಕಲಿತ ವಾರ ನಡುಗುತ್ತ ಬಂದು "ಅಪ್ಪಾ, ಒಂದ್ಸಲ ತುಳಿದ್ರೆ ನಿಲ್ತಿಲ್ಲ, ಯಾರಿಗಾದ್ರೂ ತೋರ್ಸು" ಅಂದೆ. ಬಸ್ಸು ಓಡಿಸಿದವನಿಗೆ ಬ್ರೇಕು ಹೇಳಿಕೊಡುತ್ತೀಯಾ ಎಂದು ನಾನು ನಿನ್ನ ಕೆನ್ನೆಗೆ ಬಾರಿಸಿದೆ. ಕಿವಿಯೋಲೆ ಮುರಿದು ಕಿವಿಯಲ್ಲಿ ರಕ್ತ ಬಂತು. ಅಮ್ಮ ಬಾಗಿಲಲ್ಲೇ ನಿಂತಿದ್ದಳು, ಈಗ ಒಂಬತ್ತು ದಿನದಿಂದ ನನ್ನ ಜೊತೆ ಮಾತಾಡಿಲ್ಲ. ಆ ಶುಕ್ರವಾರ ನಾನೂ ಇದನ್ನೇ ಹೇಳುತ್ತೇನೆ, ಅಣ್ಣ ಕಟಕಟೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಾನೆ. ಆದರೆ ಆ ಹೊತ್ತಿಗೆ ನನಗೆ ಧೈರ್ಯ ಸಾಲದೆ ಹೋದರೆ ಇರಲಿ ಎಂದು ನಿನಗೆ ಮೊದಲೇ ಬರೆದಿದ್ದೇನೆ, ಈ ಕಾಗದವನ್ನು ಹರಿಯಬೇಡ. ಅವತ್ತು ನೀನು ಅಳಲಿಲ್ಲ. ಮಾರನೇ ದಿನದಿಂದ ಸುಮ್ಮನೆ ಎರಡು ಸಲ ತುಳಿಯಲು ಕಲಿತೆ.