ಬಾಯ್ಲರಿಗೆ ಹೂವು ಹಾಕಲಿಲ್ಲ

ವಿರೂಪಣ್ಣ ಸಾಹುಕಾರರಿಗೆ, ನಿಮ್ಮ ಅಕ್ಕಿ ಮಿಲ್ಲಿನಲ್ಲಿ ಬಾಯ್ಲರ್ ನಡೆಸುವ ಲಾಲ್‌ಸಾಬರ ಹೆಂಡತಿ ಮೆಹಬೂಬಿಯ ಸಲಾಂ.

ಪ್ರತಿ ವರ್ಷ ಆಯುಧಪೂಜೆಗೆ ನಮ್ಮ ಮನೆಯವರ ಕೈಯಿಂದಲೇ ಬಾಯ್ಲರಿಗೆ ಕಾಯಿ ಒಡೆಸುತ್ತಿದ್ದಿರಿ. ಈ ಸಲ ಲಾರಿಗೂ, ತೂಕದ ಕಾಟಾಕ್ಕೂ ಹೂವು ಹಾಕಿದಿರಿ, ಬಾಯ್ಲರಿಗೆ ಮಾತ್ರ ಇಲ್ಲ. ಇವರನ್ನು ಕೇಳಿದರೆ, "ಸಾವ್ಕಾರ್ರು ಮರ್ತಾರ, ಸುಮ್ಕಿರು ನೀ" ಅಂತಾರೆ. ನನಗೆ ನಂಬಿಕೆಯಿಲ್ಲ.

ಬಾಯ್ಲರಿನಲ್ಲಿ ಹೊಟ್ಟು ಸುಟ್ಟು ಹೊಗೆ ಬಿಡುವ ಮಿಲ್ಲುಗಳನ್ನು ಸರಕಾರ ಇನ್ನು ಬಿಡೋದಿಲ್ಲ, ಕರೆಂಟಿನ ಮಷೀನಿಗೆ ಸಬ್ಸಿಡಿ ಕೊಡುತ್ತದೆ ಎಂದು ಬಸ್ಸಿನಲ್ಲಿ ಮಾತಾಡುತ್ತಿದ್ದರು. ಮೊನ್ನೆ ಬಾಯ್ಲರ್ ಮನೆ ಅಳೆದು ಹೋದವರು ಯಾರು? ಬಣ್ಣ ಹಚ್ಚುವವರು ಎಂದಿರಂತೆ. ಬಣ್ಣ ಹಚ್ಚುವವರು ಲ್ಯಾಪ್‌ಟಾಪ್ ಹಿಡಿದುಕೊಂಡು ಬರುತ್ತಾರೇನ್ರೀ?

ಹೊಗೆ ಒಳ್ಳೆಯದು ಎನ್ನಲಾರೆ, ಇವರ ಕೆಮ್ಮು ಕೇಳುವವಳು ನಾನೇ. ಹೊಸ ಮಷೀನು ಬರಲಿ, ಅದನ್ನು ನಡೆಸೋದು ಇವರಿಗೂ ಕಲಿಸಿರಿ. ಐದನೇ ಕ್ಲಾಸಿಗೇ ಸಾಲಿ ಬಿಟ್ಟ ನಾನೇ ಇಷ್ಟು ಬರೆಯುತ್ತೇನೆ, ಇವರು ಕಲಿಯಲಾರರೇ? ಪತ್ರದ ಸುದ್ದಿ ಮಾತ್ರ ಇವರಿಗೆ ಬೇಡ.

ನಮ್ಮ ಮಗಳು ತಮನ್ನಾಳನ್ನು ನೋಡಲು ಶುಕ್ರವಾರ ಮಸ್ಕಿಯಿಂದ ಗಂಡಿನವರು ಬರುತ್ತಾರೆ. ಹುಡುಗಿಯ ಅಪ್ಪ ಏನು ಕೆಲಸ ಮಾಡ್ತಾರ ಎಂದು ಮೊದಲು ಅದನ್ನೇ ಕೇಳುತ್ತಾರೆ. ನಾನು ಏನು ಹೇಳಬೇಕು, ಗುರುವಾರದೊಳಗೆ ತಿಳಿಸಿರಿ.

ನಿಮ್ಮ ಮಿಲ್ಲಿನ ಅನ್ನ ತಿನ್ನುವ,
ಮೆಹಬೂಬಿ, ತುರ್ವಿಹಾಳ