ಅಮ್ಮನ ಕೋಣೆಯ ಬೆಚ್ಚನೆಯ ಗೋಡೆ

ಮಾರ್ಚ್ ೧೪, ಶುಕ್ರವಾರ

ಆ ಗೋಡೆ ತಲೆಯಿಂದ ಹೋಗುತ್ತಲೇ ಇಲ್ಲ.

ಬೆಳಿಗ್ಗೆ ಅಮ್ಮ ಅದಕ್ಕೆ ಒರಗಿ ಕೂತು, "ಬೆನ್ನಿಗೆ ಎಷ್ಟು ಹಿತವಾಗಿದೆ ಗೊತ್ತಾ, ಶಾಖ ಕೊಟ್ಟ ಹಾಗಿದೆ" ಎಂದಳು. ಮುಟ್ಟಿದೆ. ಬಿಸಿಲೇ ಬೀಳದ ಗೋಡೆ ಬೆಚ್ಚಗಿತ್ತು. ನಮ್ಮ ಬೋರ್ಡಿನಿಂದ ಕೆಳಗೆ ಭಾವನ ಇಸ್ತ್ರಿ ಅಂಗಡಿಗೆ ಇಳಿಯುವ ತಂತಿ ಅದರೊಳಗೇ ಇದೆ.

ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ. ಬೋರ್ಡು ಬಿಚ್ಚಿದರೆ ತಂತಿಯ ಹೊದಿಕೆ ಕಂದು ತಿರುಗಿ ಉದುರುತ್ತಿತ್ತು. ಇಸ್ತ್ರಿ ಪೆಟ್ಟಿಗೆಗಳನ್ನೆಲ್ಲ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆಂದು ಭಾವ ಹೋದ ತಿಂಗಳು ದೊಡ್ಡದನ್ನು ಹಾಕಿಸಿದ್ದರು. ತಂತಿ ಮಾತ್ರ ಹಳೆಯದೇ, ಸಣ್ಣದು.

"ಮೂವತ್ತೆರಡು ಆಂಪ್ಸ್ ಬ್ರೇಕರ್‌ಗೆ ಈ ತಂತೀನಾ? ಇನ್ನು ಬ್ರೇಕರ್ ಬೀಳಲ್ಲ ಅಕ್ಕ, ತಂತೀನೇ ಹತ್ಕೊಳ್ಳುತ್ತೆ" ಎಂದ ಅವನು.

ಭಾವ ನಕ್ಕುಬಿಟ್ಟರು. "ಅವನಿಗೆ ಕೆಲಸ ಬೇಕು, ಹೆದರಿಸ್ತಾನೆ. ಆಗಿನಿಂದ ಒಂದ್ಸಲಾದ್ರೂ ಬಿದ್ದಿದೆಯಾ ಹೇಳು?"

ಬಿದ್ದಿಲ್ಲ. ನನಗೆ ಭಯ ಅದೇ.

ಲಾಡ್ಜಿನವರ ಬೆಡ್‌ಶೀಟುಗಳು ಬೆಳಿಗ್ಗೆಗೇ ಬೇಕಂತೆ. ರಾತ್ರಿ ಊಟವಾದ ಮೇಲೂ ಕೆಳಗೆ ಇಸ್ತ್ರಿ ನಡೆದೇ ಇತ್ತು. ಅಮ್ಮನ ಕೋಣೆಯಲ್ಲಿ ಸಣ್ಣಗೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಅವಳನ್ನು ನನ್ನ ಮಂಚಕ್ಕೆ ಕರೆತಂದು, ಮೆಟ್ಟಿಲ ಕೆಳಗಿನ ಮೈನ್ ಸ್ವಿಚ್ ಆರಿಸಿಬಿಟ್ಟೆ.

ಅಕ್ಕ ಟಾರ್ಚ್ ಹಿಡಿದು ಹತ್ತಿ ಬಂದಳು. "ನೀನೇ ತಾನೇ?"

"ಹೂಂ."

ಬೈಯುತ್ತಾಳೆಂದುಕೊಂಡೆ. ಗೋಡೆ ಮುಟ್ಟಿದವಳೇ ಕೈ ಹಿಂದೆಳೆದುಕೊಂಡಳು. "ಕರೆಂಟ್ ಹೋಗಿದೆ ಅಂತ ಅವರಿಗೆ ಹೇಳಿದೀನಿ ಕಣೇ. ಬೆಳಗಾಗ್ಲಿ, ತಂತಿ ಬದಲಾಯಿಸೋಣ."

ಮೊಬೈಲಿನ ಬೆಳಕಲ್ಲಿ ಇದನ್ನು ಬರೆಯುತ್ತಿದ್ದೇನೆ. ಕೆಳಗೆ ಭಾವ ಕತ್ತಲಲ್ಲಿ ಕರೆಂಟಿಗೆ ಕಾಯುತ್ತಾ ಕೂತಿದ್ದಾರೆ. ಎದುರುಮನೆಯ ಕಿಟಕಿಗಳಲ್ಲೆಲ್ಲ ದೀಪ ಉರಿಯುತ್ತಿದೆ. ಭಾವ ಬಾಗಿಲು ತೆರೆದು ಆಚೆ ನೋಡದಿದ್ದರೆ ಸಾಕು.