ಸುಟ್ಟ ಜಾಗಕ್ಕೇ ಇನ್ನೊಮ್ಮೆ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಮೊಮ್ಮಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಬೇಡ ಎಂದರೆ ನೀನು ಕೇಳುವವಳಲ್ಲ. ಹಟದಲ್ಲಿ ನಾವಿಬ್ಬರೂ ಒಂದೇ ಬಳ್ಳಿಯ ಕಾಯಿ. ಭಾವನ ಕೆಮ್ಮು ಕಡಿಮೆಯಾಯಿತೆ?

ಈಗ ಪೂರ್ತಿ ಓದು, ಆಮೇಲೆ ಬೈಯಿ. ನೀನು ಬೇಡವೇ ಬೇಡ ಎಂದದ್ದನ್ನೇ ಮಾಡುತ್ತಿದ್ದೇನೆ. ಎದೆಯ ಆಪರೇಷನ್ ಗೆರೆಯ ಪಕ್ಕ ಗಂಟು ಮತ್ತೆ ಎದ್ದಿದೆಯಲ್ಲ, ಅಲ್ಲಿಗೇ ಎರಡನೇ ಸಲ ರೇಡಿಯೇಷನ್ ಕೊಡಿಸಿಕೊಳ್ಳುತ್ತಿದ್ದೇನೆ. ಹೋದ ಸಲ ಚರ್ಮ ಕೆಂಪಾಗಿ, ಕಪ್ಪಾಗಿ, ಸುಲಿದು ನೀರೊಸರಿದ್ದನ್ನು ಕಣ್ಣಾರೆ ನೋಡಿದವಳು ನೀನು. "ಸುಟ್ಟ ಜಾಗಾನೇ ಮತ್ತೆ ಸುಡ್ತಾರಾ? ಆ ಚರ್ಮ ತಡಿಯಲ್ಲ ಕಣೇ" ಎಂದು ಫೋನಿನಲ್ಲಿ ಅತ್ತಿದ್ದೆಯಲ್ಲ, ಅದನ್ನೇ ಡಾಕ್ಟರಮ್ಮನಿಗೆ ಒಪ್ಪಿಸಿದೆ. ಅವರು ಮುಚ್ಚಿಡಲಿಲ್ಲ. ಇಷ್ಟು ವರ್ಷದಲ್ಲಿ ಚರ್ಮ ಬಹಳಷ್ಟು ಚೇತರಿಸಿಕೊಂಡಿರುತ್ತದೆ, ಆದರೆ ಪೂರ್ತಿ ಅಲ್ಲ. ಈ ಸಲ ಬೇಗ ಒಡೆಯಬಹುದು, ಮಾಯಲು ತಡವಾಗಬಹುದು, ಕೆಲವರಿಗೆ ಮಾಯದೆಯೂ ಉಳಿಯಬಹುದು ಎಂದರು. ಸುಮ್ಮನೆ ಬಿಟ್ಟರೆ ಗಂಟೇ ಚರ್ಮ ಸೀಳಿಕೊಂಡು ಹೊರಬರಬಹುದಂತೆ. ಹೇಗೂ ಹರಿಯುವ ಬಟ್ಟೆಯಾದರೆ ನಾನು ಹೇಳಿದ ಕಡೆ ಹರಿಯಲಿ ಎಂದೆ. ಅವರಿಗೆ ನಗು ತಡೆಯಲಾಗಲಿಲ್ಲ.

ಕಿರಣ ಬೀಳಬೇಕಾದ ಜಾಗ ಗುರುತಿಸಲು ಹೋದ ಸಲ ಹಚ್ಚೆಯ ಚುಕ್ಕಿ ಇಟ್ಟಿದ್ದರು, ಈ ಸಲ ಶಾಯಿಯ ಗೆರೆ. ನಾನು ಅಂಗಿ ಬಟ್ಟೆಗೆ ಸೀಮೆಸುಣ್ಣದಲ್ಲಿ ಎಳೆಯುವ ಹಾಗೆಯೇ ಎಳೆಯುತ್ತಾರೆ. ಮೊದಲ ದಿನ ಮನೆಗೆ ಬಂದವಳೇ ಒದ್ದೆ ಬಟ್ಟೆಯಿಂದ ತಿಕ್ಕಿ ಒರೆಸಿಬಿಟ್ಟೆ! ಕೆಲಸ ಮುಗಿದ ಮೇಲೆ ಗೆರೆ ಉಳಿಸುವ ಟೈಲರ್ ಯಾರಾದರೂ ಇದ್ದಾರೆಯೆ? ಮರುದಿನ ಯಂತ್ರ ನಡೆಸುವಾಕೆ ಹಣೆ ಚಚ್ಚಿಕೊಂಡು, "ಟೈಲರಮ್ಮಾ, ನಿಮ್ಮ ಕೈ ಕಟ್ಟಿ ಹಾಕ್ಬೇಕು" ಎಂದು ಮೊದಲಿನಿಂದ ಅಳೆದು ಎಳೆದಳು.

ಪಕ್ಕದ ಮನೆಯಾಕೆ ಬಂದು, "ಈ ವಯಸ್ಸಲ್ಲಿ ಯಾಕ್ರೀ ಬೇಕು ಈ ಹಿಂಸೆ?" ಎಂದಳು. ಅವಳು ಹೊಲಿಯಲು ಕೊಟ್ಟಿದ್ದ ಬಟ್ಟೆಗೆ ಕತ್ತರಿ ಸೋಕಿಸದೆ ವಾಪಸ್ ಕಳಿಸಿದೆ. ನಮ್ಮ ಯಜಮಾನರು, "ಯಾರ ಮಾತೂ ಕೇಳಲ್ಲ ನೀನು" ಎಂದು ಗೊಣಗುತ್ತಾರೆ. ಕೇಳಿದ್ದರೆ ಯಾವತ್ತೋ ಮಣ್ಣಾಗುತ್ತಿದ್ದೆ. ಹೆದರಿಕೆ ಇಲ್ಲವೆಂದಲ್ಲ ಅಕ್ಕಾ, ಇದೆ. ಬದುಕುವ ಆಸೆ ಅದಕ್ಕಿಂತ ಹೆಚ್ಚಿದೆ. ಇದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ.

ಭಾವನಿಗೆ ನಮಸ್ಕಾರ, ಪುಟ್ಟಿಗೆ ಎರಡೂ ಕೆನ್ನೆಗೆ ಮುತ್ತು. ನಿನ್ನ ಬೈಗುಳಕ್ಕೆ ಕಾಯುತ್ತಿರುತ್ತೇನೆ.

ನಿನ್ನ
ಮೊಂಡಿ

ತಾ.ಕ.: ಮೊನ್ನೆ ಕಂಕುಳ ಹಿಂಬದಿಯಲ್ಲಿ ಚರ್ಮ ಒಡೆದಿದೆ. ಇಲ್ಲಿಗೇ ನಿಲ್ಲಿಸೋಣವೆ ಎಂದು ಡಾಕ್ಟರಮ್ಮ ಕೇಳಿದರು. ನಿಲ್ಲಿಸಬೇಡಿ ಎಂದೆ. ಆ ಗಾಯ ನನ್ನ ಕೈಗೆ ಎಟಕುವುದಿಲ್ಲ, ನಮ್ಮ ಯಜಮಾನರಿಗೆ ತೋರಿಸಿದರೆ ಅತ್ತುಬಿಡುತ್ತಾರೆ. ನೀನು ಬಾ. ಬುದ್ಧಿ ಹೇಳಲು ಬರಬೇಡ, ಮುಲಾಮು ಹಚ್ಚಲು ಬಾ.